ಕೌಂಟರ್ ಕೂಗಿದಾಗ ಹಿಂದೆ ಸರಿದವನು

"ಯಾರ್ರೀ ನೀವು? ನನ್ನ ಅಮ್ಮೀಟರುಗಳ ಹೊಟ್ಟೆ ಬಗೆದು ಕೂತಿದ್ದೀರಲ್ಲ!"

ಬಾಗಿಲಲ್ಲೇ ನಿಂತು ಕೂಗಿದವಳು ಆ ಶಾಲೆಯ ಭೌತಶಾಸ್ತ್ರದ ಟೀಚರ್. ಮಕ್ಕಳು ಬೆನ್ನ ಹಿಂದೆ ಕರೆಯುವುದು 'ಪರಮಾಣು ಮಿಸ್' ಎಂದು. ದೀರ್ಘ ರಜೆ ಮುಗಿಸಿ ಅಂದೇ ಮರಳಿದ್ದಳು. ಬಂದು ನೋಡಿದರೆ ಪ್ರಯೋಗಾಲಯದ ಮೇಜಿನ ತುಂಬ ಸ್ಕ್ರೂ, ಸ್ಪ್ರಿಂಗು, ತಂತಿ... ನಡುವೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಒಬ್ಬ ಅಪರಿಚಿತ!

ಅವನು ತಲೆ ಎತ್ತಿದ. ಒಂದು ಕಣ್ಣು ಮಾತ್ರ ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕಂಡಿತು.

"ರಿಪೇರಿಯವನು ಮೇಡಂ. ಹೆಡ್‌ಮಿಸ್ ಕರೆಸಿದ್ರು. ಹೊಟ್ಟೆ ಬಗೆದಿದ್ದು ನಿಜ... ಆದ್ರೆ ಹೊಲಿಗೆ ಹಾಕದೆ ಹೋಗಲ್ಲ."

ಅವಳಿಗೆ ನಗು ಬಂತು. ಆದರೆ ಹೊಲಿಗೆ ಎಂದ ಕೂಡಲೇ ಕೈ ತಾನಾಗಿ ಕತ್ತಿನ ಸ್ಕಾರ್ಫಿನತ್ತ ಹೋಯಿತು. ಅದನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು.

ಆ ಸ್ಕಾರ್ಫಿನ ಕೆಳಗೆ ಏನಿತ್ತು? ಅವಳು ಊರಿಗೆಲ್ಲ ಮುಚ್ಚಿಟ್ಟರೂ ನಿಮ್ಮಿಂದ ಮುಚ್ಚಿಡುವುದೇಕೆ, ಈಗಲೇ ಹೇಳಿಬಿಡುತ್ತೇನೆ.

ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಗಂಟು. ಆಪರೇಷನ್ ಮಾಡಿ ತೆಗೆದಿದ್ದರು, ಹೊಲಿಗೆಯ ಗೆರೆ ಕತ್ತಿನ ಮೇಲೆ ಉಳಿದಿತ್ತು. ಅಳಿದುಳಿದದ್ದನ್ನು ಸುಡಲು ವಿಕಿರಣಶೀಲ ಅಯೋಡಿನ್ನಿನ ಮಾತ್ರೆ ನುಂಗಿಸಿ, ದಪ್ಪ ಗೋಡೆಯ ಕೋಣೆಯಲ್ಲಿ ಒಬ್ಬಳನ್ನೇ ಇರಿಸಿದ್ದರು. ಮನೆಗೆ ಬಂದ ಮೇಲೂ ಕೆಲ ಕಾಲ ಎಲ್ಲರಿಂದ ದೂರ. ಆ ಅವಧಿ ಮುಗಿದಿತ್ತು. "ನಿಮ್ಮಿಂದ ಯಾರಿಗೂ ಅಪಾಯವಿಲ್ಲ, ಮಕ್ಕಳ ಜೊತೆ ಆರಾಮಾಗಿರಿ" ಎಂದು ಡಾಕ್ಟರೇ ಹೇಳಿ ಶಾಲೆಗೆ ಕಳಿಸಿದ್ದರು.

ಡಾಕ್ಟರ ಮಾತು ಮನೆಯವರ ಮನಸ್ಸಿಗೂ ಇಳಿಯಬೇಕಲ್ಲ! ಅಕ್ಕ ಇನ್ನೂ ಅವಳ ತಟ್ಟೆ, ಲೋಟ ಬೇರೆ ಇಡುತ್ತಿದ್ದಳು. ಮದುವೆಯ ಮಾತುಕತೆಯಾಗಿದ್ದ ಹುಡುಗ ಗೇಟಿನವರೆಗೆ ಬಂದಿದ್ದ. ಅವಳು ಬಾಗಿಲಿಗೆ ಬಂದದ್ದೇ ತಡ, ಸರಕ್ಕನೆ ಹಿಂದೆ ಸರಿದಿದ್ದ. "ಹುಷಾರಾಗಿರು" ಎಂದು ಹೋದವನು ಮತ್ತೆ ಫೋನ್ ಕೂಡ ಎತ್ತಲಿಲ್ಲ.

'ಇನ್ನು ಯಾರೂ ನನ್ನ ಹತ್ತಿರ ಬರೋದು ಬೇಡ... ಬಂದು ಹಿಂದೆ ಸರಿಯೋದೂ ಬೇಡ' ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಅದಕ್ಕೇ ರಿಪೇರಿಯವನು ಮೇಜಿನ ಒಂದು ತುದಿಯಲ್ಲಿದ್ದರೆ ಅವಳು ಇನ್ನೊಂದು ತುದಿಯಲ್ಲಿ. ಅವನು ಕೆಲಸ ಮಾಡುತ್ತಲೇ ಅವಳ ಪಾಠ ಕೇಳುತ್ತಿದ್ದ.

"ಪರಮಾಣುನ ನಮ್ಮ ಆಟದ ಮೈದಾನದಷ್ಟು ಹಿಗ್ಗಿಸಿದ್ರೆ ನ್ಯೂಕ್ಲಿಯಸ್ ಎಷ್ಟಿರುತ್ತೆ ಗೊತ್ತಾ ಮಕ್ಕಳೇ? ನಟ್ಟನಡುವೆ ಒಂದು ಸಾಸಿವೆ ಕಾಳು! ಪ್ರೋಟಾನು, ನ್ಯೂಟ್ರಾನು ಎಲ್ಲಾ ಅದರೊಳಗೇ. ಎಲೆಕ್ಟ್ರಾನುಗಳು ಹೊರಗೆ. ಮಿಕ್ಕಿದ್ದೆಲ್ಲ ಖಾಲಿ."

ತರಗತಿ ಮುಗಿದು ಮಕ್ಕಳು ಹೋದ ಮೇಲೆ ಅವನು ಕೆಮ್ಮಿದ.

"ಮೇಡಂ, ಅಷ್ಟೊಂದು ಖಾಲಿ ಇದ್ರೆ ನನ್ನ ಮೊಣಕೈ ಈ ಮೇಜಿನೊಳಗೆ ಯಾಕೆ ಇಳಿಯಲ್ಲ?"

"ಮೇಜಿನ ಎಲೆಕ್ಟ್ರಾನು, ನಿಮ್ಮ ಎಲೆಕ್ಟ್ರಾನು ಒಂದನ್ನೊಂದು ದೂರ ತಳ್ಳುತ್ವೆ. ಅದಕ್ಕೆ."

"ಓ... ಅದಕ್ಕೇನಾ ನೀವು ಆ ತುದೀಲಿ, ನಾನು ಈ ತುದೀಲಿ?"

ಈ ಸಲ ನಗು ತಡೆಯಲು ಅವಳಿಂದಾಗಲಿಲ್ಲ. ಎಷ್ಟು ಕಾಲವಾಗಿತ್ತು ಹೀಗೆ ನಕ್ಕು! ಮರುದಿನ ಅವಳ ಕುರ್ಚಿ ಮೇಜಿನ ನಡುಭಾಗಕ್ಕೆ ಬಂದಿತ್ತು. ಅದರ ಮರುದಿನ ಇನ್ನೂ ಸ್ವಲ್ಪ ಈಚೆಗೆ. ಯಾರೂ ಎಳೆದಿರಲಿಲ್ಲ ಬಿಡಿ, ಕುರ್ಚಿಗೇ ಕಾಲು ಬಂದಿರಬೇಕು.

ಕೊನೆಗೆ ಉಳಿದದ್ದು ಹಳೆಯ ಗೈಗರ್ ಕೌಂಟರ್. ವಿಕಿರಣ ತಾಗಿದಾಗಲೆಲ್ಲ ಟಿಕ್ ಎನ್ನುವ ಯಂತ್ರ. ಅವನು ಅದನ್ನು ಸರಿಮಾಡಿ ಹೆಡ್‌ಮಿಸ್ ಮುಂದೆ ಚಾಲೂ ಮಾಡಿದ. ಟಿಕ್... ಎಲ್ಲೋ ಒಮ್ಮೊಮ್ಮೆ ಇನ್ನೊಂದು ಟಿಕ್. ಎಲ್ಲ ಸರಿಯಾಗಿತ್ತು.

ಅಷ್ಟರಲ್ಲಿ ಅವಳು ಒಳಗೆ ಬಂದು ಅವನ ಪಕ್ಕ ನಿಂತಳು.

ಟಿಕ್ ಟಿಕ್ ಟಿಕ್‌ಟಿಕ್‌ಟಿಕ್...!

"ಏನ್ರೀ ಇದು? ರಿಪೇರಿ ಮಾಡಿದ್ರೋ ಕೆಡಿಸಿದ್ರೋ?" ಹೆಡ್‌ಮಿಸ್ ಹುಬ್ಬು ಗಂಟಿಕ್ಕಿದರು.

ಯಂತ್ರ ಕೂಗುತ್ತಿರುವುದು ತನ್ನಿಂದಲೇ ಎಂದು ಅವಳಿಗೆ ಹೊಳೆಯಿತು. ಅಯೋಡಿನ್ ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ, ಇಷ್ಟರಲ್ಲಿ ಅಪಾಯದ ಮಟ್ಟಕ್ಕಿಂತ ಎಷ್ಟೋ ಕೆಳಗಿಳಿದಿದೆ ಎಂದು ಲೆಕ್ಕ ಹಾಕಿದ್ದವಳು ಅವಳೇ. ಲೆಕ್ಕ ಸರಿಯಾಗಿತ್ತು. ಆದರೆ ಯಾರಿಗೂ ತೊಂದರೆ ಕೊಡದಷ್ಟು ಅಲ್ಪವೂ ಈ ಯಂತ್ರದ ಕಿವಿಗೆ ಬೀಳುತ್ತದೆ ಎಂಬುದನ್ನು ಭೌತಶಾಸ್ತ್ರದ ಟೀಚರೇ ಮರೆತಿದ್ದಳು!

ಅವನು ಕೌಂಟರಿನ ಮುಳ್ಳನ್ನು ನೋಡಿದ. ಅವಳನ್ನು ನೋಡಿದ. ಸ್ಕಾರ್ಫನ್ನು ನೋಡಿದ. ಕೌಂಟರ್ ಹಿಡಿದುಕೊಂಡೇ ಹಿಂದೆ ಸರಿದ. ಸದ್ದು ಇಳಿಯಿತು. ಇನ್ನೂ ಹಿಂದೆ ಸರಿದ. ಇನ್ನೂ ಇಳಿಯಿತು. ತಟ್ಟನೆ ಯಂತ್ರ ಆಫ್ ಮಾಡಿದ.

"ಇದರ ಒಳಗಿನ ಟ್ಯೂಬ್ ಹೋಗಿದೆ ಮೇಡಂ. ಅಂಗಡಿಗೆ ತಗೊಂಡು ಹೋಗ್ತೀನಿ" ಎಂದು ಹೆಡ್‌ಮಿಸ್‌ಗೆ ಹೇಳಿ, ಅವಳತ್ತ ನೋಡದೆ ಹೊರಟುಹೋದ.

'ಇವನೂ... ಇವನೂ ಹಿಂದೆ ಸರಿದ!'

ಅಂದು ಸಂಜೆ ಅವಳು ಅಕ್ಕನನ್ನು ಕೇಳಿದಳು. "ಅಕ್ಕಾ, ನಾನು ಹತ್ರ ಬಂದ್ರೆ ನಿನಗೆ ಭಯಾನಾ?"

"ಹುಚ್ಚಿ! ನಿನ್ನ ಕಂಡ್ರೆ ನನಗೆಂಥ ಭಯಾನೇ?" ಎನ್ನುತ್ತಲೇ ಅಕ್ಕ ಚಹಾದ ಲೋಟವನ್ನು ಮೇಜಿನ ಆ ತುದಿಯಲ್ಲಿಟ್ಟು ಹೋದಳು.

ಅವಳು ಆ ಲೋಟ ಮುಟ್ಟಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು.

ವಾರಗಳು ಕಳೆದವು. ರಿಪೇರಿಯವನೂ ಬರಲಿಲ್ಲ, ಕೌಂಟರೂ ಬರಲಿಲ್ಲ. ಕುರ್ಚಿ ಮತ್ತೆ ತುದಿಗೆ ಹೋಯಿತು. ವಿಕಿರಣಶೀಲತೆಯ ಪಾಠವನ್ನು ಅವಳು ಬರೀ ಬೋರ್ಡಿನ ಮೇಲೆ ಮಾಡಬೇಕಾಯಿತು.

"ಕೆಲವು ನ್ಯೂಕ್ಲಿಯಸ್‌ಗಳಿಗೆ ನೆಮ್ಮದಿ ಇರಲ್ಲ. ಆಲ್ಫಾ, ಬೀಟಾ, ಗಾಮಾ ಅಂತ ಏನನ್ನಾದ್ರೂ ಹೊರಗೆ ಎಸೆದ ಮೇಲೇ ಅವು ತಣ್ಣಗಾಗೋದು. ಯಾವುದು ಯಾವ ಕ್ಷಣ ಎಸೆಯುತ್ತೆ ಅಂತ ಯಾರೂ ಹೇಳೋಕಾಗಲ್ಲ. ಗುಂಪಲ್ಲಿ ಅರ್ಧ ಎಷ್ಟು ಹೊತ್ತಿಗೆ ಬದಲಾಗುತ್ತೆ ಅನ್ನೋದನ್ನ ಮಾತ್ರ ಹೇಳಬಹುದು. ಅದೇ ಅರ್ಧಾಯುಷ್ಯ."

ಆಮೇಲೆ ದೂರದ ನಿಯಮ. ಪುಟ್ಟ ಮೂಲದಿಂದ ಇಮ್ಮಡಿ ದೂರ ಹೋದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಬೋರ್ಡಿನ ಮೇಲೆ ಕೌಂಟರ್ ಹಿಡಿದು ಹಿಂದೆ ಸರಿಯುವ ಮನುಷ್ಯನ ಚಿತ್ರ ಬರೆದಳು.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಅವನು ಹೆದರಿಕೊಂಡು ಹಿಂದೆ ಹೋಗ್ತಿದ್ದಾನಾ?"

"ಇಲ್ಲಮ್ಮ, ಅಳೀತಿದ್ದಾನೆ. ಒಂದೇ ಕಡೆ ನಿಂತ್ರೆ ಯಂತ್ರ ಕೆಟ್ಟಿದೆಯೋ, ನಿಜವಾಗ್ಲೂ ಏನಾದ್ರೂ ಇದೆಯೋ ಗೊತ್ತಾಗಲ್ಲ. ಕೆಟ್ಟಿದ್ರೆ ಎಲ್ಲಿಗೆ ಹೋದ್ರೂ ಹಾಗೇ ಕೂಗುತ್ತೆ. ಹಿಂದೆ ಸರಿದಾಗ ಸದ್ದು ಇಳಿದ್ರೆ ಮಾತ್ರ ಮೂಲ ಎಲ್ಲಿದೆ ಅಂತ..."

ಅವಳ ಕೈಯಲ್ಲಿ ಸೀಮೆಸುಣ್ಣ ಹಾಗೇ ನಿಂತಿತು.

ಅಂದು ಸದ್ದು ಇಳಿದಿತ್ತು. ಅಂದರೆ ಟ್ಯೂಬ್ ಹೋಗಿರಲಿಲ್ಲ! ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಹೆಡ್‌ಮಿಸ್ ಎದುರು ಸುಳ್ಳು ಹೇಳಿದ... ಯಾರಿಗಾಗಿ?

'ಅಯ್ಯೋ... ಎಂಥ ಪೆದ್ದಿ ನಾನು!'

ಶಾಲೆ ಬಿಟ್ಟದ್ದೇ ಅವಳು ಅವನ ಅಂಗಡಿಗೆ ಧಾವಿಸಿದಳು. ಕಿರಿದಾದ ಕೋಣೆ, ಸುಟ್ಟ ಬೆಸುಗೆಯ ವಾಸನೆ. ಗೋಡೆಯ ಹಲಗೆಯ ಮೇಲೆ ಒರೆಸಿ ಇಟ್ಟ ಶಾಲೆಯ ಕೌಂಟರ್. ಅವಳನ್ನು ಕಂಡು ಅವನು ಗಾಬರಿಯಿಂದ ಎದ್ದುನಿಂತ.

"ಟ್ಯೂಬ್ ಹಾಕಿ ಆಯ್ತಾ?" ಅವಳು ಹಲಗೆಯತ್ತ ಬೆರಳು ತೋರಿದಳು.

"ಟ್ಯೂಬಿಗೆ ಏನೂ ಆಗಿರಲಿಲ್ಲ ಮೇಡಂ."

"ಮತ್ತೆ ಯಂತ್ರ ಯಾಕೆ ವಾಪಸ್ ತರಲಿಲ್ಲ?"

"ತಂದಿದ್ರೆ ಮಕ್ಕಳೆದುರಿಗೇ ಕೂಗಿಬಿಡ್ತಿತ್ತು. ನಾನು ಆಸ್ಪತ್ರೆ ಯಂತ್ರಗಳನ್ನೂ ನೋಡ್ತೀನಿ. ದೀರ್ಘ ರಜೆ, ಕತ್ತಿಗೆ ಸ್ಕಾರ್ಫು... ಅರ್ಥ ಆಯ್ತು. ನಿಮ್ಮ ಮೈಯಲ್ಲಿರೋ ವಿಕಿರಣ ಇಳಿಯೋವರೆಗೂ ಯಂತ್ರ ಇಲ್ಲೇ ಇರಲಿ ಅಂತ ಬೇಕಂತಲೇ ಇಟ್ಕೊಂಡೆ."

"ನೀವಾದ್ರೂ ಬರಬಹುದಿತ್ತಲ್ಲ? ನಾನು ಎಷ್ಟು ಅತ್ತಿದ್ದೀನಿ ಗೊತ್ತಾ?"

ಅವನು ತಲೆ ತಗ್ಗಿಸಿದ. "ಅದು ನೀವಾಗಿ ಹೇಳಬೇಕಾದ ವಿಷಯ. ನಾನೇ ಬಂದು ಕೇಳಿದ್ರೆ ಸ್ಕಾರ್ಫ್ ಹಿಡಿದು ಎಳೆದ ಹಾಗಾಗುತ್ತೆ ಅನ್ನಿಸ್ತು. ಸುಮ್ಮನಿದ್ದಿದ್ದು ತಪ್ಪಾಯ್ತು."

"ಅವತ್ತು... ಭಯ ಆಗಲಿಲ್ವಾ ನಿಮಗೆ?"

"ಆಯ್ತು. ತುಂಬಾ. ಇಷ್ಟು ದೊಡ್ಡ ನೋವಲ್ಲಿ ಇವರ ಜೊತೆಗೆ ಯಾರಿದ್ರೋ ಅಂತ."

ಅಷ್ಟು ದಿನ ಯಾರಿಗೂ ತೋರಿಸದ ಕಣ್ಣೀರು ಅವಳ ಕೆನ್ನೆಯ ಮೇಲೆ ಹರಿಯಿತು. ಸ್ಕಾರ್ಫ್ ಬಿಚ್ಚಿ ಕೈಯಲ್ಲಿ ಹಿಡಿದಳು. ಕತ್ತಿನ ಗೆರೆಯನ್ನು ಅವನು ನೋಡಿದ. ಕಣ್ಣು ಬೇರೆಡೆ ಹೊರಳಿಸಲಿಲ್ಲ.

ಅವನು ಕೌಂಟರ್ ಕೆಳಗಿಳಿಸಿ ಚಾಲೂ ಮಾಡಿದ. "ಬಾಗಿಲ ಹತ್ರ ನಿಂತ್ಕೊಳ್ಳಿ."

ಅವಳು ನಿಂತಳು. ಟಿಕ್... ಬಹಳ ಹೊತ್ತಿನ ಮೇಲೆ, ಟಿಕ್.

"ಈಗ ಇಲ್ಲಿಗೆ ಬನ್ನಿ."

ಬಂದಳು. ಅದೇ ನಿಧಾನದ ಟಿಕ್... ಟಿಕ್.

"ಇನ್ನೂ ಕೂಗ್ತಿದೆಯಲ್ಲ!" ಅವಳ ಮುಖ ಬಾಡಿತು.

"ಅದು ನೀವಲ್ಲ. ಅಲ್ಲಿ ನಿಂತಾಗಲೂ ಅಷ್ಟೇ, ಇಲ್ಲೂ ಅಷ್ಟೇ. ಇಟ್ಟಿಗೆ, ನೆಲ, ಆಕಾಶ, ನನ್ನ ಮೈ... ಎಲ್ಲದರಿಂದಲೂ ಇಷ್ಟು ಬರ್ತಾನೇ ಇರುತ್ತೆ. ಪಾಠ ಮಾಡೋರು ನೀವು, ನಾನು ಹೇಳ್ಬೇಕಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಹೇಳಿ. ನನ್ನ ಬುದ್ಧಿ ಈಚೆಗೆ ಸ್ವಲ್ಪ ಮಂದ."

"ಹಾಗಾದ್ರೆ ಇನ್ನೊಂದನ್ನೂ ಹೇಳ್ತೀನಿ. ನೀವಂದ್ರೆ ನನಗೆ ಇಷ್ಟ. ಅಮ್ಮೀಟರಿಗೋಸ್ಕರ ಬೈದ ದಿನದಿಂದ."

ಅವಳ ಕೆನ್ನೆ ಕೆಂಪೇರಿತು. ಕೈಯಲ್ಲಿದ್ದ ಸ್ಕಾರ್ಫನ್ನು ಮಡಿಸಿ ಕೌಂಟರಿನ ಪಕ್ಕ ಇಟ್ಟಳು.

"ಇನ್ನೂ ಸ್ವಲ್ಪ ಹತ್ರ ಬನ್ನಿ" ಎಂದ ಅವನು ಮೆಲ್ಲಗೆ.

"ಯಾಕೆ? ಇನ್ನೂ ಅಳೀಬೇಕಾ?"

ಅವನು ಕೌಂಟರ್ ಆಫ್ ಮಾಡಿ ಪಕ್ಕಕ್ಕಿಟ್ಟ.

"ಇಲ್ಲ. ಅಳತೆ ಮುಗೀತು."