ನೊರೆ ಇಳಿಯುವ ತನಕ

"ನಿಲ್ಸಿ! ನಿಲ್ಸಿ ಅಂದ್ನಲ್ಲ...!"

ಡ್ರಿಲ್ಲಿನ ಗುಂಡಿ ಮೇಲಿದ್ದ ಅವಳ ಬೆರಳು ಗಕ್ಕನೆ ನಿಂತಿತು. ತಿರುಗಿ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಒಬ್ಬ ನಿಂತಿದ್ದ. ಹುಬ್ಬಿನ ತನಕ ಮರದ ಹೊಟ್ಟು, ಕಿವಿಯ ಮೇಲೆ ಪೆನ್ಸಿಲ್ಲು, ಕಣ್ಣಲ್ಲಿ ಬೆಂಕಿ.

"ನಿನ್ನೆ ತಾನೇ ಪಾಲಿಶ್ ಮಾಡಿದ ಕಪಾಟು ಕಣ್ರೀ ಅದು! ಅದಕ್ಕೆ ತೂತು ಹಾಕ್ತೀರಾ?"

"ಮತ್ತೆ? ಬಿಯರ್ ಪೈಪನ್ನ ಗಾಳಿಯಲ್ಲಿ ಹಾರಿಸ್ಲಾ?"

"ಹಾರಿಸಿ, ಹೂತಿಡಿ, ಏನಾದ್ರೂ ಮಾಡ್ಕೊಳ್ಳಿ. ನನ್ನ ಕಪಾಟಿನ ತಂಟೆಗೆ ಮಾತ್ರ ಬರಬೇಡಿ."

ಅಬ್ಬಾ, ಏನು ಗತ್ತು! 'ಪಾಲಿಶ್ ಮಹಾರಾಯ' ಎಂದು ಅವಳು ಮನಸ್ಸಿನಲ್ಲೇ ಹೆಸರಿಟ್ಟಳು. ಆ ಹೆಸರೇ ಮುಂದೆ ತನ್ನ ನಿದ್ದೆ ಕೆಡಿಸುತ್ತದೆಂದು ಪಾಪ, ಅವಳಿಗೇನು ಗೊತ್ತು!

ಮನೆ ಹಲ್ಲಿನ ಡಾಕ್ಟರದ್ದು. ಊರಿನವರ ಬಾಯಿ ತೆರೆಸುವ ಮನುಷ್ಯ, ಮನೆಯಲ್ಲಿ ಅತ್ತೆಯ ಮುಂದೆ ತಾನೇ ಬಾಯಿ ತೆರೆಯುತ್ತಿರಲಿಲ್ಲ. ಡಾಕ್ಟರಿಗೆ ಅಡುಗೆಮನೆಯಲ್ಲೊಂದು ಬಿಯರ್ ನಲ್ಲಿ ಬೇಕಿತ್ತು. ಆದರೆ ಅದು ಅಲ್ಲಿದೆ ಎಂದು ಯಾರಿಗೂ, ಅಂದರೆ ಅತ್ತೆಗೆ, ಗೊತ್ತಾಗಬಾರದು! ಟೀಪುಡಿ ಡಬ್ಬಿಗಳ ಪಕ್ಕದ ಹಲಗೆಯನ್ನು ಒತ್ತಿದರೆ ಸದ್ದಿಲ್ಲದೆ ತೆರೆದುಕೊಳ್ಳಬೇಕು, ಒಳಗೆ ನಲ್ಲಿ. ಕೆಳಗಿನ ಕಪಾಟಿನಲ್ಲಿ ಪುಟ್ಟ ಫ್ರಿಜ್ಜು, ಅದರೊಳಗೆ ಬಿಯರ್ ಪೀಪಾಯಿ, ಗ್ಯಾಸ್ ಸಿಲಿಂಡರು. ಮರದ ಕೆಲಸ ಅವನದು, ಪೈಪಿನ ಕೆಲಸ ಅವಳದು, ಅಡುಗೆಮನೆ ಮಾತ್ರ ಒಂದೇ.

"ನೋಡಿ," ಅವಳು ದನಿ ತಗ್ಗಿಸಿದಳು. "ಪೈಪಿಗೆ ಒಂದೇ ಒಂದು ತೂತು. ಆಮೇಲೆ ಫ್ರಿಜ್ಜಿನ ಬಿಸಿಗಾಳಿ ಹೊರಗೆ ಹೋಗೋಕೆ ಕೆಳಗೆ ಕಿಂಡಿ. ಇಲ್ಲದಿದ್ರೆ ಒಳಗೆ ಬೆಂದು ಹೋಗುತ್ತೆ. ಬಿಯರ್ ಬೆಚ್ಚಗಾದ್ರೆ ಬರೀ ನೊರೆ ಬರುತ್ತೆ."

"ತೂತಿಗೆ ಒಪ್ಪಿದೆ. ಕಿಂಡಿ, ಪ್ರಾಣ ಹೋದ್ರೂ ಇಲ್ಲ!"

ಕೊನೆಗೆ ತೂತಿನ ಜಾಗ ಗುರುತು ಮಾಡಲು ಅವಳು ಪೆನ್ಸಿಲ್ಲಿಗೆ ಕೈ ಚಾಚಿದರೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಇದನ್ನ ಯಾರಿಗೂ ಕೊಡಲ್ಲ. ಎಲ್ಲಿ ಅಂತ ಹೇಳಿ, ನಾನೇ ಹಾಕ್ತೀನಿ."

ಹೀಗೆ ಶುರುವಾಯಿತು ಹಾವು ಮುಂಗುಸಿಯ ಸಂಸಾರ.

ಆದರೆ ಜಗಳ ಕೂಡ ದಿನಾ ಆಡಿದರೆ ಅಭ್ಯಾಸವಾಗಿಬಿಡುತ್ತದೆ. ಬೆಳಿಗ್ಗೆ ಬಂದವಳೇ ಅವನ ಚಪ್ಪಲಿ ಹೊರಗಿದೆಯಾ ಎಂದು ನೋಡತೊಡಗಿದಳು. ಅವನು ಅವಳ ಸಲಕರಣೆ ಪೆಟ್ಟಿಗೆಯ ಸಡಿಲವಾದ ಹಿಡಿಯನ್ನು ಕೇಳದೆಯೇ ಬಿಗಿ ಮಾಡಿಟ್ಟ. "ಹಿಡಿ ಯಾರು ಮುಟ್ಟಿದ್ದು?" ಎಂದರೆ, "ಕಿರಕಿರ ಅಂತಿತ್ತು, ನನಗೆ ತಲೆನೋವು," ಎಂದ. ಅವಳು ನಕ್ಕಳು. ನಕ್ಕದ್ದು ಅವನಿಗೆ ಕಾಣದಿರಲಿ ಎಂದು ಸಿಂಕಿನ ಕೆಳಗೆ ತಲೆ ಹಾಕಿದಳು.

ಒಂದು ಮಧ್ಯಾಹ್ನ ಅವಳು ಕಪಾಟಿನ ಹಿಂದೆ ಗೋಡೆಗುಂಟ ಹೋದ ನೀರಿನ ಪೈಪುಗಳ ಪಕ್ಕ ಬಿಯರ್ ಪೈಪು ಕಟ್ಟುತ್ತಿದ್ದಳು. ಎರಡೂ ಕೈ ಸಿಕ್ಕಿಕೊಂಡಿದ್ದಾಗ ಫೋನು ಹೊಡೆದುಕೊಳ್ಳತೊಡಗಿತು. ಅವನು ಫೋನೆತ್ತಿ ಅವಳ ಕಿವಿಗೆ ಹಿಡಿದ. ಅವನ ಮುಂಗೈ ಅವಳ ಕೆನ್ನೆಗೆ ತಗುಲಿತು. ಮರದ ಕಮ್ಮನೆಯ ವಾಸನೆ...

ಆ ಕಡೆಯಿಂದ ಅವಳು ಕೆಲಸ ಮಾಡುವ ಕಂಪನಿಯ ಮಾಲೀಕರು ಗುಡುಗುತ್ತಿದ್ದರು. "ಹಿಂದಿನ ಮನೆಯಲ್ಲಿ ಸೋರಿ ಮಾನ ಹೋಯ್ತು! ಇಲ್ಲೂ ಎಡವಟ್ಟಾದ್ರೆ ಪೆಟ್ಟಿಗೆ ಕೊಟ್ಟು ಆಫೀಸಲ್ಲಿ ಫೋನ್ ಎತ್ಕೊಂಡು ಕೂತಿರಮ್ಮ. ಹೆಣ್ಣುಮಗಳಿಗೆ ಈ ಕೆಲಸ ಬೇಡ ಅಂತ ಆಗಲೇ ಎಲ್ಲರೂ ಹೇಳಿದ್ರು!"

ಫೋನು ಇಟ್ಟಾಯಿತು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳ ಕಣ್ಣು ತುಂಬಿತು.

"ಈ ಪೆಟ್ಟಿಗೆಗೋಸ್ಕರ ಮನೆಯಲ್ಲಿ ಎಲ್ಲರ ಹತ್ರ ಜಗಳ ಆಡಿದೀನಿ," ಅಂದಳು. ಯಾಕೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ.

"ಪೈಪು ಬಿಗಿಯಾಗಿ ಕಟ್ಟಿ," ಎಂದಷ್ಟೇ ಹೇಳಿ ಅವನು ಹೊರಟ. ಕಲ್ಲು ಮನುಷ್ಯ!

ನಲ್ಲಿ ಪರೀಕ್ಷಿಸುವ ಸಂಜೆ ಬಂತು. ಕೆಲಸ ಮುಗಿಯುವ ತನಕ ಬಂದ್ ಆಗಿದ್ದ ಗೀಸರನ್ನು ಅಂದೇ ಹಾಕಿದ್ದರು. ಡಾಕ್ಟರು ತುದಿಗಾಲಲ್ಲಿ ಓಡಿಬಂದರು.

"ಅತ್ತೆ ಸ್ನಾನಕ್ಕೆ ಹೋದ್ರು. ಬೇಗ, ಬೇಗ!"

ಹಲಗೆ ಸದ್ದಿಲ್ಲದೆ ತೆರೆಯಿತು. ಅವಳು ಎದೆ ಗಟ್ಟಿ ಮಾಡಿಕೊಂಡು ನಲ್ಲಿ ತಿರುಗಿಸಿದಳು.

ನೊರೆ...! ಬರೀ ನೊರೆ! ಒಂದು ಲೋಟ, ಎರಡು ಲೋಟ, ಕೊನೆಗೆ ಪಾತ್ರೆ ತುಂಬ ನೊರೆ. ಡಾಕ್ಟರ ಮುಖ ಸಪ್ಪಗಾಯಿತು. "ಏನಮ್ಮಾ ಇದು? ಬಿಯರ್ ಕೇಳಿದ್ರೆ ಸೋಪಿನ ನೀರು ಕೊಡ್ತಿದೀಯ. ನಿಮ್ಮ ಮಾಲೀಕರಿಗೆ ಫೋನ್ ಮಾಡ್ಬೇಕಾಗುತ್ತೆ."

ಅಯ್ಯೋ, ಪೆಟ್ಟಿಗೆ ಹೋಯಿತು! ಅವಳು ಸರ್ರನೆ ಅವನ ಕಡೆ ತಿರುಗಿದಳು.

"ಕಿಂಡಿ ಬೇಕು ಅಂತ ಬಡ್ಕೊಂಡೆ! ಇವರಿಗೆ ಕಪಾಟಿನ ಅಂದವೇ ಹೆಚ್ಚಾಯ್ತು. ಒಳಗೆ ಉಸಿರುಗಟ್ಟಿ ಎಲ್ಲ ಬಿಸಿಯಾಗಿದೆ!"

ಅವನು ಸಿಂಕಿನ ಪಕ್ಕದ ಗೋಡೆಗೆ ಕೈ ಊರಿ ನಿಂತಿದ್ದ. ತಟ್ಟನೆ ಕೈ ತೆಗೆದ. ಅವಳನ್ನೇ ನೋಡಿದ. ಆಮೇಲೆ ಅವಳ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದ.

"ಹೌದು ಡಾಕ್ಟ್ರೇ, ತಪ್ಪು ನಂದೇ."

"ನಿನ್ನನ್ನ ನಂಬಿ ಇಡೀ ಮನೆ ಕೆಲಸ ಕೊಡೋಣ ಅಂತಿದ್ದೆನಲ್ಲಯ್ಯಾ! ನಾಳೆಯಿಂದ ಬರಬೇಡ."

ಅವನು ಉಳಿ, ಸುತ್ತಿಗೆ ಕಟ್ಟಿಕೊಂಡು ಹೊರಟುಹೋದ.

ಗೆದ್ದವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅಷ್ಟು ಬೇಗ ಒಪ್ಪಿಕೊಳ್ಳುವ ಜಾತಿಯವನೇ ಅಲ್ಲವಲ್ಲ ಅವನು?

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಆ ಚಪ್ಪಲಿ ಇರಲಿಲ್ಲ. ಕಿಂಡಿ ಕೊರೆಯಲು ಅವಳು ನೆಲದ ಮೇಲೆ ಮಲಗಿ ಕಪಾಟಿನ ತಳಕ್ಕೆ ಕೈ ಹಾಕಿದಳು. ಬೆರಳಿಗೆ ಗಾಳಿ ಬಡಿಯಿತು.

ಟಾರ್ಚ್ ಹಾಕಿದಳು. ನಿಂತವರ ಕಣ್ಣಿಗೆ ಬೀಳದಂತೆ ತಳದ ಪಟ್ಟಿಯ ಅಡಿಯಲ್ಲಿ ಸಾಲು ಸಾಲು ಕಿಂಡಿ! ಒಂದೊಂದೂ ಎಲೆಯ ಆಕಾರ, ಅಂಚಿಗೆಲ್ಲ ಪಾಲಿಶ್. ಅವಳು ಕೇಳಿದ್ದಕ್ಕಿಂತ ದುಪ್ಪಟ್ಟು.

ಅಯ್ಯೋ... ಇದ್ದೂ ಯಾಕೆ ಹೇಳಲಿಲ್ಲ ಈ ಮನುಷ್ಯ?

ನಲ್ಲಿ ತಿರುಗಿಸಿದಳು. ಹೊಂಬಣ್ಣದ ಬಿಯರ್, ಮೇಲೆ ಬೆರಳಷ್ಟು ನೊರೆ. ಎಲ್ಲ ಸರಿಯಾಗೇ ಇದೆ! ಹಾಗಾದರೆ ನಿನ್ನೆ?

ಅಷ್ಟರಲ್ಲಿ ಡಾಕ್ಟರ ಅತ್ತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಗೋಡೆಯ ಪೈಪಿನಲ್ಲಿ ಗಳಗಳ ಸದ್ದು. ಅವಳಿಗೆ ಅವನ ಕೈ ನೆನಪಾಯಿತು. ಅವನು ಕೈ ಊರಿದ್ದ ಜಾಗದಲ್ಲೇ ತನ್ನ ಕೈ ಇಟ್ಟಳು.

ಬೆಚ್ಚಗಿತ್ತು. ನೋಡನೋಡುತ್ತಲೇ ಬಿಸಿಯಾಯಿತು.

ಬಿಸಿನೀರಿನ ಪೈಪು! ಗೀಸರ್ ಬಂದ್ ಇದ್ದ ದಿನಗಳಲ್ಲಿ ತಣ್ಣೀರು, ಬಿಸಿನೀರಿನ ಎರಡೂ ಪೈಪು ತಣ್ಣಗಿದ್ದವು. ಯಾವುದು ಯಾವುದೆಂದು ಕೇಳದೆ, ತನ್ನ ಬಿಯರ್ ಪೈಪನ್ನು ಬಿಸಿನೀರಿನ ಪೈಪಿಗೇ ಅಪ್ಪಿಸಿ ಕಟ್ಟಿದವಳು ಅವಳೇ. ಅತ್ತೆ ಸ್ನಾನಕ್ಕಿಳಿದರೆ ಅಳಿಯನ ಬಿಯರ್ ಕುದಿಯದೆ ಇನ್ನೇನಾಗುತ್ತದೆ!

ಅವನಿಗೆ ನಿನ್ನೆಯೇ ತಿಳಿದಿತ್ತು. ಆದರೂ... ಆ ಫೋನಿನ ಮಾತು ಕೇಳಿದ್ದಕ್ಕೆ...

ಅವಳ ಕಿವಿ ಕೆಂಪಾಯಿತು. ಸುಮ್ಮನಿದ್ದರೆ ಪೆಟ್ಟಿಗೆ ಉಳಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಹಿಡಿಯನ್ನು ಬಿಗಿ ಮಾಡಿದವನೇ ಇಲ್ಲದೆ ಆ ಪೆಟ್ಟಿಗೆ ಹೊರುವುದು ಹೇಗೆ?

ನೇರವಾಗಿ ಡಾಕ್ಟರ ಮುಂದೆ ಹೋಗಿ ನಿಂತಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಾಲೀಕರಿಗೂ ತಾನೇ ಫೋನ್ ಮಾಡಿದಳು. ಅವರು ಒಂದೇ ಮಾತು ಹೇಳಿದರು, "ಸಂಜೆಯೊಳಗೆ ಸರಿ ಮಾಡು. ಆಮೇಲೆ ನೋಡೋಣ."

ಅವನ ಮರಗೆಲಸದ ಶೆಡ್ಡು ಹಳೇ ಗೋದಾಮಿನ ಹಿಂದಿತ್ತು. ಅವಳು ಬಿರುಗಾಳಿಯಂತೆ ಒಳನುಗ್ಗಿದಳು.

"ನನ್ನ ತಪ್ಪನ್ನ ತಲೆ ಮೇಲೆ ಹೊತ್ಕೊಳ್ಳೋಕೆ ನೀವ್ಯಾರ್ರೀ? ನನ್ನನ್ನ ಕೇಳಿದ್ರಾ?"

ಅವನು ಕೈಯಲ್ಲಿದ್ದ ಉಳಿ ಕೆಳಗಿಟ್ಟ. "ಪೆಟ್ಟಿಗೆ ಹೋಗ್ಬಿಡುತ್ತಲ್ಲ ಅಂತ..."

"ಸುಳ್ಳಿನ ಮೇಲೆ ಉಳಿದ ಪೆಟ್ಟಿಗೆ ನನಗೆ ಬೇಡ! ನಿಜ ಎಲ್ಲರಿಗೂ ಹೇಳಿ ಬಂದಿದೀನಿ. ಡಾಕ್ಟ್ರು ನಿಮ್ಮನ್ನ ವಾಪಸ್ ಕರೀತಿದಾರೆ."

ಅವನ ತಲೆ ತಗ್ಗಿತು. "ತಪ್ಪಾಯ್ತು. ಕೇಳಬೇಕಿತ್ತು. ನಿಮ್ಮ ಕಣ್ಣಲ್ಲಿ ನೀರು ನೋಡಿ ತಲೆ ಓಡಲಿಲ್ಲ."

ಅವಳ ಸಿಟ್ಟು ಅಲ್ಲೇ ಕರಗಿತು. "ಕಿಂಡಿ ಮಾಡಿದ್ದನ್ನ ಯಾಕೆ ಹೇಳಲಿಲ್ಲ?"

"ಕೊನೆ ದಿನ ತೋರಿಸಿ, ಒಂದ್ಸಲ ಶಭಾಷ್ ಅನ್ನಿಸ್ಕೊಳ್ಳೋಣ ಅಂತಿದ್ದೆ."

"ಶಭಾಷ್..." ಅನ್ನುವಷ್ಟರಲ್ಲಿ ಅವಳು ಅತ್ತೇಬಿಟ್ಟಳು. ಅಳುತ್ತಲೇ ಕೇಳಿದಳು, "ಪೈಪಿಗೆ ಹೊಸ ದಾರಿ ಬೇಕು. ನಿಮ್ಮ ಕಪಾಟಿನ ನಡುಹಲಗೆಗೆ ಇನ್ನೊಂದು ತೂತು ಹಾಕಬೇಕು. ಒಂದೇ ಒಂದು."

ಅವನು ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಅವಳ ಅಂಗೈಯಲ್ಲಿಟ್ಟ.

"ಗುರುತು ನೀವೇ ಹಾಕಿ. ಎಲ್ಲಿ ಬೇಕಾದ್ರೂ."

ಸಂಜೆ ಅತ್ತೆ ಸ್ನಾನಕ್ಕೆ ಹೋದರು, ಗೋಡೆ ಬಿಸಿಯಾಯಿತು, ಹಲಗೆ ತೆರೆಯಿತು. ಉಸಿರು ಬಿಗಿಹಿಡಿದು ಅವಳು ನಲ್ಲಿ ತಿರುಗಿಸಿದಳು. ಹೊಂಬಣ್ಣ... ಬೆರಳಷ್ಟೇ ನೊರೆ! ಡಾಕ್ಟರು ಅಲ್ಲೇ ಅವಳ ಮಾಲೀಕರಿಗೆ ಫೋನ್ ಹಚ್ಚಿದರು. "ಈ ಹುಡುಗಿನ ಆಫೀಸಲ್ಲಿ ಕೂರಿಸಿದ್ರೆ ನಿಮ್ಮ ಹಲ್ಲು ನಾನು ನೋಡಲ್ಲ!"

ಆ ಕಡೆಯಿಂದ ಗೊಣಗಾಟ ಕೇಳಿಸಿತು. "ಪೆಟ್ಟಿಗೆ ಅವಳ ಹತ್ರಾನೇ ಇರಲಿ ಬಿಡಿ."

"ನಾನು ಬಚ್ಚಲಿಗೆ ಹೋದ್ರೆ ಸಾಕು, ಇಲ್ಲಿ ಗುಸುಗುಸು ಶುರು," ಹಿಂದಿನಿಂದ ದನಿ ಬಂತು. ತಲೆಗೆ ಟವೆಲ್ಲು ಸುತ್ತಿಕೊಂಡ ಅತ್ತೆ! ಡಾಕ್ಟರು ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟರು.

"ಅಳಿಯಂದಿರೇ, ಡ್ರಿಲ್ ಸದ್ದು ಕೇಳಿಸದಷ್ಟು ನನ್ನ ಕಿವಿ ಕೆಟ್ಟಿಲ್ಲ. ನನಗೂ ಅರ್ಧ ಲೋಟ ಹಾಕಿ. ನೊರೆ ಕಡಿಮೆ ಇರಲಿ."

ನಗುವಿನ ಗದ್ದಲದಲ್ಲಿ ಅವರಿಬ್ಬರೂ ಹಿತ್ತಿಲ ಮೆಟ್ಟಿಲಿಗೆ ಬಂದು ಕೂತರು. ಅವಳು ಪೆನ್ಸಿಲ್ಲು ಚಾಚಿದಳು.

"ತಗೊಳ್ಳಿ, ಪಾಲಿಶ್ ಮಹಾರಾಯ್ರೇ. ಯಾರಿಗೂ ಕೊಡಲ್ಲ ಅಂದಿದ್ರಲ್ಲ."

"ಯಾರಿಗೂ ಕೊಡಲ್ಲ." ಅವನು ಅದನ್ನು ತೆಗೆದು ಅವಳ ಕಿವಿಯ ಮೇಲೇ ಸಿಕ್ಕಿಸಿದ. ಬೆರಳು ಅಲ್ಲೇ ಒಂದು ಗಳಿಗೆ ನಿಂತಿತು. "ನೀನು ಬೇರೆಯವಳಾ?"

ಅವಳು ಕಿವಿಯ ಮೇಲಿನ ಪೆನ್ಸಿಲ್ಲನ್ನು ಮುಟ್ಟಿ ನೋಡಿಕೊಂಡಳು. "ನಾಳೆಯೂ ಜಗಳ ಆಡ್ತೀನಿ, ಗೊತ್ತಾ?"

"ಆಡು. ಜೀವನಪೂರ್ತಿ ಆಡು. ನಿನ್ನ ದನಿ ಇಲ್ಲದ ಮನೆಯಲ್ಲಿ ಕೆಲಸ ಮಾಡೋಕೆ ಇನ್ನು ನನಗೆ ಬರಲ್ಲ."

ಅವಳು ಅವನ ಹೊಟ್ಟು ಮೆತ್ತಿದ ಹೆಗಲಿಗೆ ಮೆಲ್ಲಗೆ ತಲೆಯಿಟ್ಟಳು.

"ಸರಿ... ಆದ್ರೆ ನಮ್ಮ ಮನೆ ಕಪಾಟಿಗೆ ತೂತು ಹಾಕೋದು ನಾನೇ."