ರೊಟ್ಟಿ ಮುಗಿಯುವುದರೊಳಗೆ

ಹೊನ್ನಾವರದ ದೋಣಿಕಟ್ಟೆಯಲ್ಲಿ ಅವನು ನಿಂತಿದ್ದ!

ಅದೇ ಎತ್ತರದ ಮೈಕಟ್ಟು, ಅದೇ ತೋಳು ಮಡಚಿದ ಬಿಳಿ ಶರ್ಟು. ಶರಾವತಿ ಸಮುದ್ರ ಸೇರುವುದನ್ನು ನೋಡಲು ಬೀದರಿನ ಚಿದ್ರಿಯಿಂದ ಬಂದಿದ್ದ ಮೂವತ್ತು ಹೆಂಗಸರು ಬಾಯಿಬಿಟ್ಟು ನೀರು ನೋಡುತ್ತಿದ್ದರೆ, ಕರುಣಾಳಿಗೆ ನದಿಯೂ ಕಾಣಲಿಲ್ಲ, ಸಮುದ್ರವೂ ಕಾಣಲಿಲ್ಲ.

'ನಾನು ಬರುವುದನ್ನು ಇವರಿಗೆ ಯಾರು ಹೇಳಿದರು?'

ಪಕ್ಕದಲ್ಲಿದ್ದ ಚಿಕ್ಕಮ್ಮ ಮೀರಾಬಾಯಿ ಕಾಕು ಏನೂ ಅರಿಯದವಳಂತೆ ಸೆರಗು ಸರಿಮಾಡಿಕೊಂಡಳು. ಇನ್ನು ಬಿಡಿಸಿ ಹೇಳಬೇಕೇ?

"ಆರಾಮ ಇದ್ದಿ ಏನು ಕರುಣಾ?" ರತ್ನದೀಪ ಹತ್ತಿರ ಬಂದ.

ಹೇಳಬೇಕಾದ ಮಾತು ಮೂರು ತಿಂಗಳಷ್ಟಿತ್ತು. ಹೊರಬಂದದ್ದು ಮಾತ್ರ ಒಂದೇ.

"ನಾ ಕೊಟ್ಟ ರೊಟ್ಟಿ ಇನ್ನಾ ಅವ ಏನ್ರಿ, ಮುಗಿದಿಲ್ಲೇನು?"

ಅವನ ಮುಖ ಸಣ್ಣಗಾಯಿತು. "ಅವ..." ಎಂದ.

"ಹಂಗಾದ್ರ ನೋಡ್ಕೋತ ಕೂಡ್ರಿ!"

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ದೋಣಿ ಹತ್ತಿಯಾಗಿತ್ತು.

ಒಂದು ರೊಟ್ಟಿಗೆ ಇಷ್ಟು ಸಿಟ್ಟೇ ಎಂದು ನಗಬೇಡಿ. ಔರಾದಿನ ರತ್ನದೀಪ ಮತ್ತು ಕರುಣಾ ಬೀದರಿನ ಗ್ರಂಥಾಲಯದಲ್ಲಿ ಒಂದೇ ಮೇಜಿನ ಎರಡು ತುದಿಗೆ ಕೂತು ಎರಡು ವರ್ಷ ಪರೀಕ್ಷೆಗೆ ಓದಿದವರು. ಓದಿದ್ದೆಷ್ಟೋ, ಕದ್ದು ನೋಡಿದ್ದೆಷ್ಟೋ! ಕಳೆದ ದೀಪಾವಳಿ ಮುಗಿದ ಮೇಲೆ ಅವನಿಗೆ ಹೊನ್ನಾವರದ ಹತ್ತಿರ ಒಂದು ವಸತಿ ಶಾಲೆಯಲ್ಲಿ ಗಣಿತ ಮಾಸ್ತರನ ಕೆಲಸ ಸಿಕ್ಕಿತು.

ಅವನು ಹೊರಡುವ ಮುಂಚಿನ ಎರಡು ದಿನ ಕರುಣಾ ಒಲೆ ಬಿಟ್ಟು ಏಳಲಿಲ್ಲ. ನೂರು ಕಡಕ್ ಜೋಳದ ರೊಟ್ಟಿ! ಬೆರಳಿಗೆ ಎರಡು ಬೊಬ್ಬೆ. ಬಸ್ ನಿಲ್ದಾಣದಲ್ಲಿ ಗಂಟು ಕೈಗಿಡುತ್ತ ಹೇಳಿದ್ದಳು.

"ಇವು ಮುಗಿಯೂದರೊಳಗ ಬಂದು ನಮ್ಮಪ್ಪಗ ನನ್ನ ಕೇಳ್ರಿ. ಮುಗಿದ ಮ್ಯಾಲೂ ಬರಲಿಲ್ಲಂದ್ರ... ನಾ ನಿಮ್ಮಾಕಿ ಅಲ್ಲ ಅಂತ ತಿಳೀತೇನಿ."

ದಿನಕ್ಕೆ ಮೂರರಂತೆ ತಿಂದರೂ ಒಂದು ತಿಂಗಳ ಲೆಕ್ಕ. ಬೀದರ್ ಕಡೆ ಕಡಕ್ ರೊಟ್ಟಿ ಎರಡು ತಿಂಗಳಾದರೂ ಕೆಡುವುದಿಲ್ಲ.

ತಿಂಗಳಾಯಿತು. "ಮುಗಿದವು ಏನ್ರಿ?" ಎಂದರೆ ಫೋನಿನಲ್ಲಿ, "ಇನ್ನಾ ಅವ." ಎರಡು ತಿಂಗಳಾಯಿತು. "ಇನ್ನಾ ಅವ!"

'ನನ್ನ ಕೈ ರೊಟ್ಟಿಯನ್ನು ಮುರಿದೂ ನೋಡಿಲ್ಲ. ರೊಟ್ಟಿಯೇ ಬೇಡವಾದವರಿಗೆ ನಾನು ಬೇಕಾಗುತ್ತೇನೆಯೇ?' ಕರುಣಾ ಫೋನ್ ಮಾಡುವುದನ್ನೇ ಬಿಟ್ಟಳು. ಅವನ ಕರೆ ಬಂದರೆ ಕತ್ತರಿಸುತ್ತಿದ್ದಳು, ಆಮೇಲೆ ಅದೇ ಫೋನ್ ಹಿಡಿದು ಅಳುತ್ತಿದ್ದಳು.

ಅಷ್ಟರಲ್ಲಿ ಭಾಲ್ಕಿಯಿಂದ ಸಂಬಂಧ ಬಂತು. ಅಪ್ಪ ಮಾಣಿಕ ಗದರಿಸಿ ಒಪ್ಪಿಸುವವರಲ್ಲ. "ಸಮುದ್ರ ನೋಡಿ ಬಾ ಮಗಳ. ಬಂದ ಮ್ಯಾಲ ಹೂಂ ಇಲ್ಲಾ ಉಹೂಂ, ಒಂದು ಹೇಳು," ಎಂದಿದ್ದರು. ಹೂಂ ಎನ್ನಬೇಕೆಂದು ಅವಳು ಗಟ್ಟಿ ಮಾಡಿಕೊಂಡೇ ಬಸ್ಸು ಹತ್ತಿದ್ದಳು.

ಸಂಜೆ ಹೊಳೆಯಾಚೆಯ ಕಾಸರಕೋಡಿನ ಕಡಲತೀರದಲ್ಲಿ ಹೆಂಗಸರು ಸೀರೆ ಎತ್ತಿ ಅಲೆಗೆ ಕಾಲು ಕೊಟ್ಟು ಕಿರುಚುತ್ತಿದ್ದರು. ಕರುಣಾ ಗಾಳಿಮರದ ಕೆಳಗೆ ಒಬ್ಬಳೇ ಕೂತಳು. ಈ ಗಾಳಿಮರ, ಈ ಕೆಂಪು ಏಡಿ, ದೂರದಲ್ಲಿ ನೀರಿನ ನಡುವೆ ಬಸವರಾಜದುರ್ಗದ ದ್ವೀಪ... ಎಲ್ಲವನ್ನೂ ಅವನು ಫೋನಿನಲ್ಲಿ ಹೇಳಿದ್ದ. 'ಸಮುದ್ರ ನಾನೇ ತೋರಿಸ್ತೇನಿ' ಎಂದೂ ಹೇಳಿದ್ದ. ನೋಡಿದ್ದೆಲ್ಲ ಅವನ ದನಿಯಲ್ಲೇ ಕೇಳುತ್ತಿತ್ತು. ಅವನು ಪಕ್ಕದಲ್ಲಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ವಸತಿಗೃಹದ ಜಗುಲಿಯಲ್ಲಿ ಪ್ರವಾಸದ ರೊಟ್ಟಿಗಂಟು ಬಿಚ್ಚಿದರು. ಕರುಣಾ ಒಂದನ್ನು ಎತ್ತಿದಳು. ಟಪ್ಪೆಂದು ಮುರಿಯಬೇಕಾದ ರೊಟ್ಟಿ ಕೈಯಲ್ಲಿ ಬಟ್ಟೆಯ ಹಾಗೆ ಮಡಚಿಕೊಂಡಿತು!

"ಏ ಇವೇನು, ಅರಿವಿ ಆಗ್ಯಾವಲ್ಲ!" ಎಂದಳು ಕಾಕು.

ವಸತಿಗೃಹದ ಹೆಂಗಸು ನಕ್ಕಳು. "ಕಡಲ ಗಾಳಿ ಅಲ್ವಾ? ನಾವು ಹಪ್ಪಳವನ್ನೂ ಡಬ್ಬಿಯಲ್ಲೇ ಇಡ್ತೇವೆ. ಇವನ್ನ ಹೀಗೇ ಐದು ದಿನ ಬಿಟ್ಟರೆ ಬೂಸ್ಟು ಹಿಡೀತದೆ."

'ಐದು ದಿನ... ಹಾಗಾದರೆ ನನ್ನ ನೂರು ರೊಟ್ಟಿ? ಅವರು "ಅವ, ಅವ" ಎಂದದ್ದು?'

ಕೆಟ್ಟು ಹೋದವು ಎಂದಿದ್ದರೆ ಗಡುವು ಮುಗಿಯುತ್ತಿತ್ತು! ಮೂರು ವಾರದಿಂದ ಬಿಟ್ಟಿದ್ದ ಫೋನನ್ನು ಈಗ ಅವಳೇ ಮಾಡಿದಳು.

"ಅಪ್ಸರಕೊಂಡಕ್ಕ ಬರ್ರಿ."

ಅಪ್ಸರಕೊಂಡದ ಜಲಪಾತ ನೋಡಿ ಹೆಂಗಸರು ಕೆಳಗಿಳಿಯುವ ಹೊತ್ತಿಗೆ ಅವನು ಏದುಸಿರು ಬಿಡುತ್ತ, ಮೇಲೆಯೇ ಉಳಿದಿದ್ದ ಕರುಣಾಳ ಬಳಿ ಬಂದ. ಕೈಯಲ್ಲೊಂದು ಸ್ಟೀಲ್ ಡಬ್ಬಿ. ಕೆಳಗೆ ಸಮುದ್ರ.

"ರೊಟ್ಟಿ ಕೆಟ್ಟಿದ್ದವು, ಹೌದಿಲ್ಲೋ?"

ಅವನು ತಲೆ ತಗ್ಗಿಸಿದ. "ಆರನೇ ದಿನ ಗಂಟು ಬಿಚ್ಚಿದ್ರ ಉಳಿದವೆಲ್ಲಾ ಹಸರ. ನಿನ್ನ ಬೊಬ್ಬಿ ನೆನಪಾಗಿ ಅತ್ತೇನಿ ಕರುಣಾ. ಹೊಸ ನೌಕರಿ, ಮೂರು ತಿಂಗಳು ರಜಾ ಇಲ್ಲಂದ್ರು. ಮುಗಿದವು ಅಂದ್ರ ನೀ ನನ್ನಾಕಿ ಅಲ್ಲ ಅಂತಿದ್ದಿ. ಅಂಜಿಕಿ ಬಂತು."

"ಖರೆ ಹೇಳಿದ್ರ ನಾ ಕಾಯ್ತಿದ್ದಿಲ್ಲೇನು? ಎಷ್ಟು ಸುಳ್ಳು ಹೇಳಿದ್ರಿ!"

"ಸುಳ್ಳು ಅಲ್ಲ." ಅವನು ಡಬ್ಬಿ ತೆರೆದ.

ಒಳಗೆ ಒಂದೇ ಒಂದು ರೊಟ್ಟಿ. ಒಂದು ಕಡೆ ದಪ್ಪ, ಒಂದು ಕಡೆ ತೂತು, ನಡುವೆ ಕರಿ ಸುಟ್ಟಿತ್ತು.

"ಅವ್ವ ಹಿಟ್ಟು ಬಸ್ಸಿಗೆ ಹಾಕಿ ಕಳಸ್ತಾಳ. ದಿನಾ ಸಂಜಿಗೆ ಒಂದು ಬಡೀತೇನಿ. ನಿನ್ನ ಫೋನ್ ಬಂದಾಗ ಮನಿಯಾಗ ಒಂದಾದ್ರೂ ಇರಬೇಕಲ್ಲ?"

"ನಾ ಫೋನ್ ಬಿಟ್ಟ ಮ್ಯಾಲ...?"

"ಆಗೂ ಬಡದೇನಿ."

ಕರುಣಾಳಿಗೆ ತಡೆಯಲಾಗಲಿಲ್ಲ. ಅಳುತ್ತಲೇ ರೊಟ್ಟಿ ಮುರಿದು ಬಾಯಿಗಿಟ್ಟಳು. ಉಪ್ಪು ಹೆಚ್ಚಾಗಿತ್ತು, ಕಹಿಯೂ ಇತ್ತು. ಆದರೂ ಬಿಡಲಿಲ್ಲ. ಸುಟ್ಟ ಚೂರನ್ನೂ ತಿಂದಳು.

"ಅರೆ! ಎಲ್ಲಾ ತಿಂದಿ? ಒಂದು ತುಣುಕರ ಉಳಸಬೇಕಿಲ್ಲೋ?"

ಅವಳು ಖಾಲಿ ಡಬ್ಬಿ ಅವನ ಕೈಗಿಟ್ಟಳು.

"ಈಗ ಮುಗೀತ್ರಿ. ಈಗ ನೀವು ಬರಬೇಕು."

ರತ್ನದೀಪ ಜೇಬಿನಿಂದ ಮಡಚಿದ ಕಾಗದ ತೆಗೆದ. "ನಾಕು ದಿನದ ರಜಾ. ನಿನ್ನಿ ದೋಣಿಕಟ್ಟಿಯಾಗ ಇದನ್ನೇ ಹೇಳಲಿಕ್ಕ ಬಂದಿದ್ದೆ, ನೀ ನಿಂತ್ರ ತಾನೇ! ನಿಮ್ಮ ಬಸ್ಸಿನಾಗ ಜಾಗ ಅದ ಏನು?"

"ಅದ!" ಕೆಳಗಿನ ಮೆಟ್ಟಿಲಿನಿಂದ ಕಾಕುವಿನ ದನಿ ಬಂತು. "ಬೀದರಿಂದನೇ ಒಂದು ಸೀಟು ಖಾಲಿ ತಂದೇನಿ!"

ಕರುಣಾ ನಾಚಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನು ಮೆಲ್ಲಗೆ ಅವಳ ಬೆರಳು ಹಿಡಿದ. ಬೊಬ್ಬೆ ಮಾದಿತ್ತು, ಕಲೆ ಉಳಿದಿತ್ತು.

"ಭಾಲ್ಕಿಯವರ ಸುದ್ದಿ ಕಾಕು ಹೇಳ್ಯಾಳ. ನಿಮ್ಮಪ್ಪಗ ಏನು ಹೇಳ್ತಿ ಕರುಣಾ?"

"ಭಾಲ್ಕಿಗೆ ಉಹೂಂ..."

"ಔರಾದಿಗೆ?"

ಅವಳು ಅವನ ಕೈ ಬಿಡದೆ ಮೆಟ್ಟಿಲು ಇಳಿಯತೊಡಗಿದಳು.

"ಹೂಂ."