ಮೊಮೊಲೊನ ಬರಿಮುಖ

"ನನ್ನ ಮುಖವಾಡ ಎಲ್ಲಿ, ಓರ್ಸೊಲಾ?"

ಅವಳು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಮುಖ ನೀನೇ ಜೋಪಾನ ಮಾಡ್ಕೋಬೇಕಪ್ಪ. ಮದುವೆ ಗಂಡು ಬೇರೆ."

ವೆನಿಸ್‌ನಲ್ಲಿ ಕಾರ್ನಿವಲ್ ಹಬ್ಬದ ಕೊನೆಯ ವಾರ. ಅವರ ನಾಟಕ ಮಂಡಳಿಯಲ್ಲಿ ಮುದುಕರಿಗೂ ಆಳುಗಳಿಗೂ ಚರ್ಮದ ಮುಖವಾಡ. ಪ್ರೇಮಿಗಳು ಮಾತ್ರ ಬರಿಮುಖದಲ್ಲಿ ಬರಬೇಕು. ಒಂಬತ್ತು ವರ್ಷ ಜಿಪುಣ ಮುದುಕನ ಪಾತ್ರ ಮಾಡಿದ ಮೊಮೊಲೊನ ನಿಜ ಮುಖವನ್ನು ಪ್ರೇಕ್ಷಕರು ಒಮ್ಮೆಯೂ ಕಂಡಿರಲಿಲ್ಲ. ಓರ್ಸೊಲಾ ಕಂಡಿದ್ದಳು. ಎರಡು ವರ್ಷ, ಬಹಳ ಹತ್ತಿರದಿಂದ.

ಮೂರು ತಿಂಗಳ ಹಿಂದೆ ಅವನು ಗಾಜಿನ ವ್ಯಾಪಾರಿಯ ಮಗಳು ಲುಗ್ರೇಜಿಯಾಳನ್ನು ಮದುವೆಯಾಗಲು ಒಪ್ಪಿದ. ಓರ್ಸೊಲಾ ಯಾರೆಂದು ಆ ಹುಡುಗಿ ಕೇಳಿದ್ದಕ್ಕೆ, "ನಾಟಕದಲ್ಲಿ ನನ್ನ ಮಗಳು, ಅಷ್ಟೇ," ಎಂದಿದ್ದನಂತೆ. ಆ 'ಅಷ್ಟೇ' ಓರ್ಸೊಲಾಳನ್ನು ನಿದ್ದೆ ಮಾಡಲು ಬಿಟ್ಟಿರಲಿಲ್ಲ.

ಮಂಡಳಿಯ ಯಜಮಾನ ಆಂಜೊಲೊ ಗೊಣಗುತ್ತ ಬಂದ. "ಮುಖವಾಡ ಇಲ್ಲದಿದ್ರೆ ಹಾಗೇ ಹೋಗು ಮಾರಾಯ. ಹೆಣ್ಣು ಕೇಳೋಕೆ ಬಂದ ಪ್ರೇಮಿ ನೀನೇ. ಮುದುಕನ್ನ ಬೇರೆಯವರು ಮಾಡ್ತಾರೆ."

ಅವರಿಗೆ ಬರೆದ ಮಾತುಗಳಿರಲಿಲ್ಲ. ಯಾರು ಯಾವಾಗ ಬರಬೇಕೆಂಬ ಒಂದು ಹಾಳೆ, ಮತ್ತು ಒಂದೇ ಕಟ್ಟುಪಾಡು: ಜೊತೆಗಾರ ರಂಗದ ಮೇಲೆ ಹೇಳಿದ್ದನ್ನು ಅಲ್ಲಗಳೆಯುವಂತಿಲ್ಲ.

ಮೊಮೊಲೊ ರಂಗಕ್ಕೆ ಬಂದಾಗ ಮುದುಕ ಆಗಲೇ ನಿಂತಿದ್ದ, ಮೊಮೊಲೊನದೇ ಮುಖವಾಡ ಹಾಕಿಕೊಂಡು. ಮೊಮೊಲೊನ ಮೂಗಿಗೆ ಒಗ್ಗಿದ ಚರ್ಮ ಒಳಗಿದ್ದ ಓರ್ಸೊಲಾಳ ಕೆನ್ನೆಯನ್ನು ಕೊರೆಯುತ್ತಿತ್ತು.

"ಏನಯ್ಯಾ," ಮುದುಕನ ಗೊಗ್ಗರು ದನಿ ಕೇಳಿತು. "ನನ್ನ ಮಗಳಿಗೆ ಎರಡು ವರ್ಷ ಆಸೆ ತೋರಿಸ್ದೋನು ನೀನೇ ತಾನೇ?"

ಸಭೆ ನಕ್ಕಿತು. ಮೇಲಂತಸ್ತಿನ ಖಾಸಗಿ ಬಾಕ್ಸ್‌ನಲ್ಲಿ ಲುಗ್ರೇಜಿಯಾ ಅಪ್ಪನ ಪಕ್ಕ ಕೂತಿದ್ದಳು.

"ಹೌದು ಸ್ವಾಮಿ, ನಾನೇ."

"ಪ್ರೀತಿಸಿದ್ಯೋ, ಹೊತ್ತು ಕಳೆದ್ಯೋ?"

ಚರ್ಮದ ಹಿಂದೆ ಅವನಿಗೆ ಎಂಥ ಸುಳ್ಳೂ ಸಲೀಸಾಗಿತ್ತು. ಈಗ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕಿವಿ ಕೆಂಪಾಗಿದ್ದನ್ನು ಇಡೀ ಸಭೆ ನೋಡುತ್ತಿತ್ತು.

"ಪ್ರೀತಿಸಿದೆ. ಇಬ್ಬರೂ ನಾಟಕದವರು, ಮುಪ್ಪಿನಲ್ಲಿ ಏನು ಗತಿ ಅಂತ ಹೆದರ್ಕೊಂಡೆ. ಅದಕ್ಕೇ ಅನುಕೂಲಸ್ಥರ ಮನೆ ನೋಡ್ಕೊಂಡೆ. ಈಗಲೂ ಕಣ್ಣುಬಿಟ್ರೆ ಮೊದಲು ಅವಳೇ ನೆನಪಾಗೋದು."

ನಗು ನಿಂತಿತು. ಗಾಜಿನ ವ್ಯಾಪಾರಿ ಬಾಕ್ಸ್‌ನ ಪರದೆ ಎಳೆದುಬಿಟ್ಟ.

ಓರ್ಸೊಲಾ ಬಯಸಿದ್ದು ಆ ಪರದೆ ಮುಚ್ಚುವುದನ್ನು ಮಾತ್ರ. 'ಈಗಲೂ' ಎಂದ ಆ ಕೊನೆಯ ಮಾತನ್ನು ಅವಳು ಕೇಳಿ ಹೇಳಿಸಿರಲಿಲ್ಲ. ಅದು ತಾನಾಗಿ ಬಂದಿತ್ತು. ಮುದುಕ ಒಮ್ಮೆ ತಲೆಯಾಡಿಸಿದ್ದರೆ ಸಾಕು, ನಾಟಕ ಸುಖವಾಗಿ ಮುಗಿಯುತ್ತಿತ್ತು. ಬಹುಶಃ ಬದುಕೂ.

"ಮಗಳನ್ನ ಕರೀರಿ," ಮುಖವಾಡದ ಕಣ್ಣಿನ ತೂತುಗಳನ್ನೇ ನೋಡುತ್ತ ಮೊಮೊಲೊ ಮೆಲ್ಲಗೆ ಹೇಳಿದ. "ಅವಳೇ ಹೇಳಲಿ."

ಅವಳು ಹತ್ತಿರ ಬಂದು, ಅವನಿಗಷ್ಟೇ ಕೇಳುವಂತೆ, ತನ್ನದೇ ದನಿಯಲ್ಲಿ ಅಂದಳು: "ಈ ಮಾತಿಗೆ ಎಷ್ಟು ಕಾದಿದ್ದೆ ಕಣೋ."

ಆಮೇಲೆ ಸಭೆಯ ಕಡೆ ತಿರುಗಿದಳು. ದನಿ ಮತ್ತೆ ಗೊಗ್ಗರಾಯಿತು. "ಮಗಳು ಪಾದುವಾ ಊರಿಗೆ ಹೊರಟುಹೋದ್ಲು ಕಣಯ್ಯಾ. ಬೇರೆ ಮಂಡಳಿಗೆ. ತಡವಾಗಿ ಬಂದೆ ನೀನು."

ಜೊತೆಗಾರ ರಂಗದಲ್ಲಿ ಆಡಿದ ಮಾತನ್ನು ಮೊಮೊಲೊ ಅಲ್ಲಗಳೆಯುವಂತಿರಲಿಲ್ಲ.

"ದೋಣೀಲಿ ಚಳಿ ಇರುತ್ತೆ ಸ್ವಾಮಿ," ಎಂದ. "ಶಾಲು ಹೊದ್ದುಕೊಳ್ಳೋಕೆ ಹೇಳಿ."

ಓರ್ಸೊಲಾ ರಂಗದಿಂದ ಇಳಿದಳು. ಚಪ್ಪಾಳೆ ಮುಗಿಯುವ ಮೊದಲೇ, ಪಾದುವಾದ ದೋಣಿ ಹಿಡಿಯಲು ದೋಣಿಕಟ್ಟೆಗೆ ನಡೆದಳು.